ಬಣ್ಣ ಬಿಡತೈತೇನು

ಧಾರವಾಡದ ಪ್ರಯೋಗಾಲಯದಲ್ಲಿ ನನ್ನ ಕೆಲಸ
ಇಲಿಯ ಮಿದುಳನ್ನು ಹಾಳೆಗಿಂತ ತೆಳ್ಳಗೆ ಕೊಯ್ದು
ಗಾಜಿನ ಮೇಲೆ ಹಾಸುವುದು,
ಎಣಿಸುವುದು.
ಹೆಸರು ಹಾಕುವವರು ಬೇರೆ.

ಶನಿವಾರ ಅಣ್ಣಿಗೇರಿ ದಾಟಿ ಬೆಟಗೇರಿಗೆ ಹೋದಾಗ
ಚಿಗವ್ವ ಅಂಬೂಬಾಯಿ
ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದಳು.
ಮೂವತ್ತೆರಡು ವರ್ಷ ಅವಳು ಕೂತದ್ದು ಕುಣಿಯ ಹೊರಗೆ:
ಕಂಡಿಕೆ ಸುತ್ತಿದ್ದು, ಗಂಜಿ ಕುದಿಸಿದ್ದು,
ಹರಿದ ಎಳೆ ಹುಡುಕಿ ಉಗುಳು ಹಚ್ಚಿ ಹೊಸೆದದ್ದು,
ಉದುರಿದ ನೂಲು ಗುಡಿಸಿದ್ದು.
ನೇಕಾರ ಅಂದರೆ ಕಾಕಾ.
ಸೊಸೈಟಿಯ ಪಾಸ್‌ಬುಕ್ಕಿನಲ್ಲೂ ಪರಸಪ್ಪ ಒಬ್ಬನೇ.
ಶ್ರಾವಣದಲ್ಲಿ ಅವನ ಬಲಗೈ ಹೋಯಿತು,
ಮಾತಿನ ಅರ್ಧವೂ.

ಫೋನಿನಲ್ಲಿ ಚಿತ್ರ ತೋರಿಸಿದೆ.
"ಇವು ನೋಡು, ಚಿಕ್ಕಿಯಂಥವು, ಆಸರಿ ಕೋಶ.
ನರಕ್ಕ ಊಟಾ ತರತಾವ, ಕಸಾ ತಗೀತಾವ,
ಪೆಟ್ಟಾದಲ್ಲೆ ಗ್ವಾಡಿ ಕಟ್ಟತಾವ.
ಸತ್ತ ನರಾ ತಿರುಗಿ ಹುಟ್ಟೂದಿಲ್ಲ.
ಅದಕ್ಕ ಇವಕ್ಕ ಒಂದು ಚೀಟಿ ಕಳಸ್ತೇವಿ,
ಹಲ್ಲು ಕಿತ್ತ ವೈರಸ್ಸಿನ ಕೈಯಾಗ ಕೊಟ್ಟು:
ನೀ ಇನ್ನ ಆಸರಿ ಅಲ್ಲ, ನೀನ ನರ.
ಆರು ವಾರಕ್ಕ ಬಾಲಾ ಚಾಚಿ
ಬಾಜೂದವರ ಸಂಗಾಟ ಮಾತಾಡತಾವ."

ಲಾಳಿ ನಿಲ್ಲಲಿಲ್ಲ.
"ಎಲ್ಲಾವೂ ನರಾ ಆದ್ರ
ಕಂಡಿಕಿ ಯಾರ ಸುತ್ತತಾರ?"

ಒಳಮನೆಯಲ್ಲಿ ರಾಟೆ ಕಿರುಗುಟ್ಟಿತು,
ನಿಂತಿತು, ಮತ್ತೆ ಕಿರುಗುಟ್ಟಿತು.
ಎಡಗೈಯ ಸುತ್ತು ಸಡಿಲ. ಕಂಡಿಕೆ ಉಬ್ಬಿ
ಲಾಳಿಯೊಳಗೆ ಸಿಕ್ಕಿತೆಂದರೆ
ಅವಳು ಬೈಯುತ್ತಾಳೆ, ಅವನು ಅಷ್ಟು ವರ್ಷ ಬೈದ
ಅದೇ ಬೈಗುಳ.
ಒಳಗಿಂದ ನಗು ಬರುತ್ತದೆ, ಅರ್ಧ ಬಾಯಿಯದು.

"ಹಸರಂದು ಯಾವುದವಾ?"
ಹೇಳಿದೆ: ಮೊದಲು ಆಸರಿಗಷ್ಟ ಹಸರ ಕಟ್ಟತೇವಿ.
ಆಮ್ಯಾಲೆ ಹಸರ ನರಾ ಕಂಡ್ರ
ಅದು ಹಿಂದ ಆಸರಿ ಇತ್ತು ಅಂತ ಲೆಕ್ಕ.
ಅವಳು ಹೆಬ್ಬೆರಳು ಒದ್ದೆ ಮಾಡಿ
ಫೋನಿನ ಗಾಜು ತಿಕ್ಕಿ ನೋಡಿದಳು.
"ಬಣ್ಣ ಬಿಡತೈತೇನು ಇದು?
ಕೆಂಪಂಚಿನ ಸೀರಿ ಮೊದಲನೇ ನೀರಿಗೆ ಹಾಕು,
ಒಡಲೂ ಕೆಂಪಾಗತೈತಿ.
ಅಂತ ಒಡಲಿಗೆ ಯಾರೂ ಅಂಚು ಅನ್ನೂದಿಲ್ಲ."

ಸೋಮವಾರ ಶೀತಪೆಟ್ಟಿಗೆಯ ಕೆಳಗಿನ ಖಾನೆ ತೆಗೆದೆ.
ಅಲ್ಲಿದ್ದವು, ಆಸರೆ ಕೋಶಗಳಿಗೆ
ಚೀಟಿಗೂ ಮೊದಲೇ ಅಳಿಸದ ಹಚ್ಚೆ ಹಾಕಿಟ್ಟ ಇಲಿಗಳವು.
ಯಾರಿಗೂ ಕೊಯ್ಯುವ ಅವಸರವಿರಲಿಲ್ಲ.
ಕೊಯ್ದೆ. ಸಂಜೆಯವರೆಗೆ ಎಣಿಸಿದೆ.
ಹಸಿರು ನರಗಳು ಇನ್ನೂರ ಹನ್ನೆರಡು.
ಹಚ್ಚೆ ಇದ್ದವು ನಾಲ್ಕು.
ಉಳಿದವು ಹುಟ್ಟಿದಾಗಿನಿಂದ ನರಗಳೇ,
ಹಸಿರು ಸೋರಿ ಬಂದು ಮೆತ್ತಿಕೊಂಡಿತ್ತು.

ಸರ್‌ಗೆ ಹೇಗೆ ಹೇಳುವುದು ಗೊತ್ತಿಲ್ಲ.
ನಾಲ್ಕರಲ್ಲಿ ಒಂದರ ಬಾಲ ಇನ್ನೂ ಮೋಟು,
ಮೈ ಒಂದು ಕಡೆ ಸೊಟ್ಟ,
ಸೊಸೈಟಿಯವರು ವಾಪಸ್ ಕಳಿಸಿದ
ಚಿಗವ್ವನ ಮೊದಲ ಸೀರೆಯ ಹಾಗೆ.
ಮೊನ್ನೆ ಅದನ್ನೇ ಉಟ್ಟಿದ್ದಳು.

ಪೆನ್ಸಿಲ್ಲಿನಲ್ಲಿ ನಾಲ್ಕು ಎಂದು ಬರೆದೆ.
ಕನ್ನಡಕ ಒರೆಸಿಕೊಂಡು
ಮತ್ತೊಮ್ಮೆ ಎಣಿಸಿದೆ.