ಬಿಟ್ಟ ಮಾತು

ಹಾಸನದ ಪ್ರವಾಸಿ ಮಂದಿರದ ಊಟದ ಹಾಲಿನಲ್ಲಿ
ಒಂಬತ್ತು ಕುರ್ಚಿ, ಒಂಬತ್ತು ಹೆಸರಿನ ಚೀಟಿ.
ಒಂದರಲ್ಲಿ ಖ ಹೋಗಿ ಕ ಬಿದ್ದಿತ್ತು,
ರಾತ್ರಿ ನಾನೇ ಬಿಳಿ ಬಳಿದು ತಿದ್ದಿದ್ದು.
ವಿದೇಶಾಂಗದ ತರಬೇತಿ ಮುಗಿಸಿದ ಮಕ್ಕಳು,
ದೇಶ ಬಿಡುವ ಮುಂಚೆ ದೇಶ ನೋಡಲಿ ಎಂದು
ದೆಹಲಿಯವರು ಕಳಿಸಿದ್ದಾರೆ.

ಸಾಹೇಬರು ಬಂದಿಲ್ಲ.
ಹನ್ನೊಂದು ಅಂದವರು ಹನ್ನೆರಡೂ ಕಾಲಾದರೂ
ನಾಲೆ ನೀರಿನ ಸಭೆಯಲ್ಲೇ ಇದ್ದಾರೆ.
'ಧರ್ಮೇಂದ್ರಯ್ಯ, ನೀವೇ ಎರಡು ಮಾತಾಡಿಬಿಡಿ'
ಎಂದು ಫೋನು.

ಮೂವತ್ತೊಂದು ವರ್ಷ ಹಾರ ತಂದವನು ನಾನು,
ಹಾಕಿದವನಲ್ಲ.
ಮೈಕಿನ ಮುಂದೆ ನಿಂತದ್ದು
'ಹಲೋ, ಒಂದು, ಎರಡು' ಅನ್ನುವುದಕ್ಕಷ್ಟೇ.
ಇಂಗ್ಲಿಷು ಕಿವಿಗೆ ಬರುತ್ತೆ, ನಾಲಿಗೆಗೆ ಬರದು.

ಅರಸೀಕೆರೆಯ ರುಖಿಯಾ ಎದ್ದಳು,
ಅರಬ್ಬಿ ಕಲಿಯಲು ಕೈರೋಗೆ ಹೊರಟವಳು.
'ಕನ್ನಡದಲ್ಲೇ ಹೇಳಿ ಸಾರ್, ನಾನು ದಾಟಿಸ್ತೀನಿ.'
ಅವಳಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಅಂತೆ.
ದಾಟಿಸ್ತೀನಿ ಅಂದಾಗ
ಎಲ್ಲೋ ಹಳಿ ಬದಲಾದ ಸದ್ದು.

ಬನ್ನಿ ಮಕ್ಕಳೇ, ಎಂದೆ.
ನಿಮಗೆ ದೊಡ್ಡವರು ದೊಡ್ಡ ಪಾಠ ಹೇಳಿರುತ್ತಾರೆ,
ನನಗೆ ಗೊತ್ತಿರುವುದು ಕುರ್ಚಿ.
ಕೆರೆಕೋಡಿ ಜಗಳಕ್ಕೆ ಎರಡೂರಿನವರು ಬಂದಾಗ
ಮೇಜು ಅಡ್ಡ ಹಾಕಿದರೆ ಒಬ್ಬರಿಗೆ ಸಿಟ್ಟು,
ಉದ್ದ ಹಾಕಿದರೆ ಇನ್ನೊಬ್ಬರಿಗೆ.
ಮೇಜೇ ತೆಗೆಸಿ ಜಮಖಾನ ಹಾಸಿದೆ.
ಕೂತರು.
ಮಂಡಿ ನೋಯುವವರು ಬೇಗ ಒಪ್ಪಿಕೊಳ್ಳುತ್ತಾರೆ.

ಆಮಂತ್ರಣದಲ್ಲಿ ಯಾರ ಹೆಸರು ಮೇಲೆ ಎಂದು
ಈ ಜಿಲ್ಲೆಯಲ್ಲಿ ಯುದ್ಧಗಳೇ ಆಗಿವೆ.
ಹೆಣ ಬೀಳಲಿಲ್ಲ,
ಕಾರ್ಡು ಮೂರು ಸಲ ಅಚ್ಚಾಯಿತು.
ನಿಮ್ಮ ಕೆಲಸವೂ ಅದೇ ಇರಬೇಕು:
ಹೆಣ ಬೀಳುವ ಮುಂಚೆ
ಇನ್ನೊಂದು ಸಲ ಅಚ್ಚು ಹಾಕಿಸುವುದು.

ಊಟಕ್ಕೆ ಆಲೂಗಡ್ಡೆ ಪಲ್ಯ ಇದೆ, ಇಲ್ಲಿಯದೇ.
ನಮ್ಮ ಮಣ್ಣಿನ ಮಗಳು ಅಂತಲೇ ಅಂದುಕೊಂಡಿದ್ದೆವು;
ತೋಟಗಾರಿಕೆಯವರು ಹೇಳಿದರು,
ಇವಳ ತವರು ಪೆರು.
ಆ ಕಡೆ ಹೋಗುವವರು ಯಾರಾದರೂ ಇದ್ದೀರಾ?

ಖ ಸೇರಿಸಿದ ಚೀಟಿಯ ಹಿಂದಿನಿಂದ ಕೈ ಎದ್ದಿತು:
ನಾಗಾಲ್ಯಾಂಡಿನ ಅಖೋಲಿ, ಸ್ಪ್ಯಾನಿಷ್, ಲಿಮಾ.

ಹಾಗಾದರೆ ಸುದ್ದಿ ಮುಟ್ಟಿಸಮ್ಮ.
ನಿಮ್ಮ ಹುಡುಗಿ ನಮ್ಮಲ್ಲಿ ಚೆನ್ನಾಗಿದ್ದಾಳೆ ಅನ್ನು.
ನಡುವೆ ಅಂಗಮಾರಿ ಬಂದು ಸೊರಗಿದ್ದಳು,
ಈಗ ಪರವಾಗಿಲ್ಲ.
ಕಾಗದ ಬರೆಯಲಿಲ್ಲ ಅಂತ
ಅಲ್ಲಿ ಯಾರಿಗಾದರೂ ಮುನಿಸಿದೆಯೇ, ಕೇಳು.

ಅಲ್ಲಿಗೆ ನಿಲ್ಲಿಸಬೇಕಿತ್ತು.
ಮಕ್ಕಳು ನಗುತ್ತಿದ್ದವು, ನನಗೂ ಮೈಕಿನ ರುಚಿ ಹತ್ತಿತ್ತು.
ಬಾಯಿ ಜಾರಿತು:
'ನೀವು ಬಂದಿರುವುದು ಸಾಹೇಬರಿಗೆ ನೆನಪಿದ್ದರೆ ಪುಣ್ಯ.
ಮೂವತ್ತೊಂದು ವರ್ಷದಲ್ಲಿ
ನನ್ನ ಹೆಸರನ್ನೇ ಒಬ್ಬರೂ ನೆಟ್ಟಗೆ ಕರೆಯಲಿಲ್ಲ.
ನಾನು ಧರಣೇಂದ್ರಯ್ಯ.'

ಅಷ್ಟರಲ್ಲಿ ಬಾಗಿಲಲ್ಲಿ ಬೂಟು.
ಸಾಹೇಬರು, ಬೆವರು, ಕೈಯಲ್ಲಿ ನಾಲೆಯ ನಕ್ಷೆ.
ಮಾತು ಕೇಳಿಸಿತೋ ಇಲ್ಲವೋ.
ನನ್ನ ಗಂಟಲಿಗೆ ಜಮಖಾನ ಹಾಸಿದಂತಾಯಿತು.

ರುಖಿಯಾ ಬಾಗಿಲ ಕಡೆ ತಿರುಗಲಿಲ್ಲ.
ಒಂದು ಗುಟುಕು ನೀರು ಕುಡಿದಳು,
ಆತುರವಿಲ್ಲದೆ ಲೋಟ ಇಟ್ಟಳು.
ಇಂಗ್ಲಿಷಿನಲ್ಲಿ ಅವಳು ಹೇಳಿದ್ದು ಹೀಗೆ:
'ಧರಣೇಂದ್ರಯ್ಯನವರು ಹೇಳುತ್ತಿದ್ದಾರೆ,
ಇಲ್ಲಿ ಸ್ವಾಗತಕ್ಕಿಂತ ನೀರು ಮೊದಲು;
ಜಿಲ್ಲಾಧಿಕಾರಿಗಳು ತಡವಾಗಿ ಬಂದಿರುವುದೇ
ನಮಗೆ ಮೊದಲ ಪಾಠವಂತೆ.
ಧರಣೇಂದ್ರಯ್ಯನವರಿಗೆ ಧನ್ಯವಾದ.'
ಧ, ರ, ಣೇಂ, ದ್ರ:
ಒಂದಕ್ಷರವೂ ಹಳಿ ತಪ್ಪಲಿಲ್ಲ.

ಚಪ್ಪಾಳೆ. ಸಾಹೇಬರು ನಾಚಿಕೊಂಡು ಕೂತರು.
ಸುಳ್ಳೇ ಅದು? ಪೂರ್ತಿ ಸುಳ್ಳಲ್ಲ.
ಸಭೆ ನಿಜ, ನೀರು ನಿಜ.
ನನ್ನ ದೂರು ಮಾತ್ರ ಹಿಂದಿನ ಸ್ಟೇಷನ್ನಿನಲ್ಲೇ
ಇಳಿದುಕೊಂಡಿತ್ತು.

ಅಖೋಲಿ ಪಲ್ಯ ಎರಡು ಸಲ ಹಾಕಿಸಿಕೊಂಡಳು.
ಅವಳಿಗೆ ಖಾರ ಸಾಲದಂತೆ.
ಹಾರ ಒಂದು ಮಿಕ್ಕಿತ್ತು, ಸ್ಕೂಟರಿನ ಡಿಕ್ಕಿಗೆ ಹಾಕಿದೆ.

ಇವರ ಆದೇಶ ದೆಹಲಿಯಿಂದ ಯಾವಾಗಲೋ ಬರಲಿ.
ಸಂಜೆ ನನ್ನ ಡೈರಿಯಲ್ಲಿ ಬರೆದುಕೊಂಡೆ:
ಮಧ್ಯಾಹ್ನ ಹನ್ನೆರಡು ನಲವತ್ತು.
ರುಖಿಯಾ, ಅರಸೀಕೆರೆ.
ಕರ್ತವ್ಯಕ್ಕೆ ಹಾಜರು.