ಪೆನ್ಸಿಲ್ ಬಿದ್ದ ಸದ್ದು

ಆಗ ನನಗೆ ಇಪ್ಪತ್ತಮೂರು.
ಶಾರ್ಲರುವಾದ ಪಕ್ಕ, ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಊರು;
ಕಿಟಕಿಯಾಚೆ ಕಲ್ಲಿದ್ದಲ ಕಸದ ಕರಿಗುಡ್ಡ,
ಅದರ ನೆತ್ತಿಗೆ ಆಗಲೇ ನಾಲ್ಕು ಬರ್ಚ್ ಗಿಡ.
ಮೂರನೇ ತರಗತಿ, ಇಪ್ಪತ್ತೆರಡು ಮಕ್ಕಳು.
ತರಬೇತಿಯ ಪುಸ್ತಕ ಹೇಳಿತ್ತು:
ಬೇಕಾದದ್ದು ನಡೆದೊಡನೆ ಕೊಡು, ತಡಮಾಡಬೇಡ.
ಬೇಡದ್ದಕ್ಕೆ ಏನನ್ನೂ ಕೊಡಬೇಡ, ಸಿಟ್ಟನ್ನು ಕೂಡ.
ಕೊನೆಯ ಎರಡು ಪದಗಳ ಕೆಳಗೆ
ನಾನು ಗೆರೆ ಎಳೆದಿರಲಿಲ್ಲ.

ಬಿಸ್ಕತ್ತಿನ ತಗಡು ಡಬ್ಬಿ, ಒಳಗೆ ಬಂಗಾರದ ಕಾಗದದ ಚುಕ್ಕಿಗಳು.
ಮುಚ್ಚಳ ಮುಟ್ಟಿದರೆ ಸಾಕು,
ಇಪ್ಪತ್ತೊಂದು ಬೆನ್ನು ನೆಟ್ಟಗಾಗುತ್ತಿದ್ದವು.
ಒಂದು ಆಗುತ್ತಿರಲಿಲ್ಲ.
ನುಂಟ್ಸಿಯೊ ಪೆನ್ಸಿಲ್ ಬೀಳಿಸುತ್ತಿದ್ದ.
ಟಪ್.
"ನುಂಟ್ಸಿಯೊ!"
ಎತ್ತಿಕೊಳ್ಳುತ್ತಿದ್ದ. ಗಡಿಯಾರದ ಮುಳ್ಳು ಐದು ಮನೆ ದಾಟಿತೋ ಇಲ್ಲವೋ,
ಟಪ್.

ಮಾರ್ಚಿನಲ್ಲಿ ಚುಕ್ಕಿ ಮುಗಿದವು; ಅಂಗಡಿಯಲ್ಲಿ ಮುಂದಿನ ವಾರ ಅಂದರು.
ಊಟದ ಬಿಡುವಿನಲ್ಲೂ ಪುಸ್ತಕ ಬಿಡದಿದ್ದ ಓದಿಲ್
ಹಾಳೆ ಮಗುಚುತ್ತಾ ಕೇಳಿದಳು:
"ಇದಕ್ಕೆಷ್ಟು, ಮೇಡಂ?"
ನಾನು ಖಾಲಿ ಡಬ್ಬಿ ನೋಡಿದೆ.
ಅವಳು ಪುಸ್ತಕ ಮುಚ್ಚಿದಳು.
ಕೊಟ್ಟು ಕೆಡಿಸಿದ್ದು ಅಂದರೆ ಇದು.

ದೂರು ಹೇಳಲು ಹೋದದ್ದು ನುಂಟ್ಸಿಯೊನ ಮನೆಗೆ.
ಅಪ್ಪ ಅಮ್ಮ ರಾತ್ರಿ ಪಾಳಿ, ಹಗಲು ನಿದ್ದೆ.
ಹಿತ್ತಿಲಲ್ಲಿ ತಾತ ಗಾಸ್ಪರೆ, ಪಾರಿವಾಳದ ಗೂಡು, ಜೋಳದ ಡಬ್ಬಿ.
ಅಲ್ಲಾಡಿಸಿದ. ಆಕಾಶ ಕಳಚಿ ಕೆಳಗಿಳಿಯಿತು.
"ಬರಿಯ ಡಬ್ಬಿ ಎಷ್ಟು ದಿನ ನಂಬುತ್ತಾವೆ?" ಎಂದೆ.
"ದಿನಾ ಕಾಳು ಸಿಕ್ಕಿದ್ದವು ಮೂರನೇ ದಿನಕ್ಕೇ ಬಿಡುತ್ತಾವೆ.
ಒಮ್ಮೆ ಸಿಕ್ಕು ಒಮ್ಮೆ ಸಿಗದ್ದವು ತಿಂಗಳಾದರೂ ಬರುತ್ತಾವೆ.
ಜೂಜುಕೋರರ ಹಾಗೆ." ಕೆಮ್ಮಿದ, ಗಣಿಯ ಕೆಮ್ಮು.
"ಆ ನೀಲಿ ಹೆಣ್ಣಿಗೆ ಮಾತ್ರ ಡಬ್ಬಿ ಬೇಡ. ಮೊಟ್ಟೆಯಿದೆ."

ಹುಡುಗ ಮೂಲೆಯಲ್ಲಿ ನಿಂತಿದ್ದ.
ನಾನಿದ್ದ ಅಷ್ಟು ಹೊತ್ತೂ ತಾತ ಮಾತಾಡಿದ್ದು ಹಕ್ಕಿಗಳ ಜೊತೆ,
ಒಂದೊಂದನ್ನೂ ಹೆಸರು ಹಿಡಿದು.
ಹುಡುಗನ ಹೆಸರು
ಯಾರೂ ಹೇಳಲಿಲ್ಲ.

ಬಸ್ಸಿನಲ್ಲಿ ಬೆರಳು ಮಡಿಸಿ ಲೆಕ್ಕ ಹಾಕಿದೆ:
ದಿನಕ್ಕೆ ಮೂವತ್ತು ಸಲವಾದರೂ ಕೂಗಿದ್ದೇನೆ.
ಮೂವತ್ತು ಕಾಳು.
ಕೂಗಿದೊಡನೆ ಅರೆನಿಮಿಷದ ಮೌನ ನನಗೆ ಕೂಲಿ,
ಅದಕ್ಕೇ ಮತ್ತೆ ಕೂಗು.
ಯಾರು ಯಾರನ್ನು ಪಳಗಿಸುತ್ತಿದ್ದೆವು, ದೇವರೇ ಬಲ್ಲ.

ಮರುದಿನ ಟಪ್ ಎಂದಿತು. ಹಲ್ಲು ಕಚ್ಚಿದೆ.
ಟಪ್. ಟಪ್. ಮೊದಲಿಗಿಂತ ಹೆಚ್ಚು, ಮೊದಲಿಗಿಂತ ಜೋರು;
ಪುಸ್ತಕ ಅದನ್ನೂ ಹೇಳಿತ್ತು, ಆದರೆ ಪುಸ್ತಕಕ್ಕೆ ಕಿವಿಯಿಲ್ಲ.
ಹತ್ತೂಕಾಲಕ್ಕೆ ಪೆನ್ಸಿಲ್ ಅವನ ಬೆರಳಲ್ಲಿತ್ತು,
ಹಾಳೆಯ ಅಂಚಿಗೆ ಒಂದು ರೆಕ್ಕೆ.
ಪಕ್ಕದಲ್ಲಿ ಕೂತು, ಮೆಲ್ಲಗೆ, "ನುಂಟ್ಸಿಯೊ," ಅಂದೆ.
ತಲೆಯೆತ್ತಲಿಲ್ಲ. ಕಿವಿ ಕೆಂಪಾಯಿತು.

ಗೆದ್ದೆನೆಂದಲ್ಲ. ಜೂನಿನವರೆಗೂ ದಿನಕ್ಕೆ ನಾಲ್ಕೈದು ಸಲ ಬೀಳುತ್ತಲೇ ಇತ್ತು.
ಓದಿಲ್ ಮತ್ತೆ ಪುಸ್ತಕ ತೆರೆದಳೇ,
ನೆನಪಿಲ್ಲ; ನೆನಪಿಲ್ಲದ್ದು ಚುಚ್ಚುತ್ತದೆ.

ನಿವೃತ್ತಳಾಗಿ ಆರು ವರ್ಷ.
ಮೊನ್ನೆ ಟ್ರಾಮಿನಲ್ಲಿ ಯಾರದೋ ಬೀಗದ ಕೈ ಬಿತ್ತು.
ಯೋಚಿಸುವ ಮೊದಲೇ ಬಾಯಿ ಕೂಗಿಬಿಟ್ಟಿತ್ತು,
"ನುಂಟ್ಸಿಯೊ!"
ಬೋಗಿಯೆಲ್ಲ ತಿರುಗಿ ನೋಡಿತು.
ಒಬ್ಬರೂ ಅವನಲ್ಲ.