ಆರು ದಿನ

ಆಗುಂಬೆ ದಾರಿಯಲ್ಲಿ ಲೈನಿನ ಮೇಲೆ ಮರ ಬಿದ್ದು
ತೀರ್ಥಹಳ್ಳಿಗೆ ಆರು ದಿನ ಕರೆಂಟಿಲ್ಲ.
ಗಾಳಿ ಊದುವ ಪಂಪು ನಿಂತ ಜಾಡಿಯಲ್ಲಿ
ನನ್ನ ನೀರುಚಿಗಟಗಳು,
ಗಂಡಿನ ಗೊಡವೆಯಿಲ್ಲದೆ ಹೆಣ್ಣೇ ಹೆಣ್ಣ ಹೆತ್ತ
ಗಾಜಿನ ಸಂತಾನ,
ಎದೆ ಹೊಡೆದುಕೊಳ್ಳುವುದೂ ಹೊರಗೆ ಕಾಣುವಂಥವು,
ಸತ್ತಿರಬೇಕು ಅಂದುಕೊಂಡೆ.

ಲ್ಯಾಬಿನ ಬೀಗ ತೆಗೆದ ಸಿಸಿಲಿಯಕ್ಕ ಮೊದಲು ನೋಡಿದ್ದು:
"ಇದಕ್ಕೆ ಮುರುಗಲ ರಸ ಹೊಯ್ದದ್ದು ಯಾರು ಮಾರಾಯ್ತಿ?"

ಕೆಂಪು. ಅಷ್ಟೂ ಕೆಂಪು.
ಉಸಿರು ಸಾಲದ ನೀರಲ್ಲಿ
ಮಲಗಿದ್ದ ಜೀನೊಂದು ಎದ್ದು
ರಕ್ತಕ್ಕೆ ಬಣ್ಣ ಕಲಸಿತ್ತು.
ಕತ್ತಲಾದ ಮೇಲೆ ತಾನೆ
ಚಿಮಣಿ ಎಲ್ಲಿಟ್ಟೆವೆಂದು ಕೈಗೆ ನೆನಪಾಗುವುದು.

'ಪ್ರಯೋಗ ಕೆಟ್ಟಿತು' ಎಂದು ಬರೆದಿದ್ದೆ.
ಹೊಡೆದುಹಾಕಿದೆ.

ಪಂಪು ಗುರುಗುಟ್ಟಿದ ಮೇಲೆ ಹುಟ್ಟಿದ ಮರಿಗಳು
ಮತ್ತೆ ಗಾಜು.
ಅಮ್ಮಂದಿರು ಮಾತ್ರ
ಇನ್ನೂ ನಂಬಿದಂತಿಲ್ಲ.